ಮೆಲ್ಲಗೆ ಹೊಡೆಯಲಾರದ ಕೈ

ನಾಲ್ಕು–ನಾಲ್ಕು ಆಗಿತ್ತು. ಉಳಿದದ್ದು ಒಂದೇ ಆಟ, ಬ್ರೇಕ್ ಹೊಡೆಯುವ ಸರದಿ ಫಿರಂಗಿಯದು.

ಉಕ್ಕಿನ ಕಾರ್ಖಾನೆಯ ಮನರಂಜನಾ ಕೋಣೆ ಅಂದರೆ ದೊಡ್ಡದೇನೂ ಅಲ್ಲ. ಕ್ಯಾಂಟೀನಿನ ಹಿಂದಿನ ಹಳೆಯ ದಾಸ್ತಾನು ಕೋಣೆಗೆ ಸುಣ್ಣ ಬಳಿದು, ನಡುವೆ ಒಂದು ಪೂಲ್ ಮೇಜು ಇಟ್ಟು, ಗೋಡೆಗೆ ಬೆಂಚು ಹಾಕಿದ್ದರು ಅಷ್ಟೆ. ಆ ಭಾನುವಾರ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ಷಕ್ಕೊಮ್ಮೆ ಹಗಲು ಪಾಳಿಯವರಿಗೂ ರಾತ್ರಿ ಪಾಳಿಯವರಿಗೂ ಪಂದ್ಯ. ಒಂದೊಂದು ಕಡೆಯಿಂದ ಒಬ್ಬೊಬ್ಬನೇ ಆಟಗಾರ, ಐದು ಆಟ ಮೊದಲು ಗೆದ್ದವನು ಗೆದ್ದ ಹಾಗೆ. ಗೆದ್ದವರಿಗೆ ಸಿಗುತ್ತಿದ್ದದ್ದು ಒಂದು ಡೊಂಕು ಬಹುಮಾನದ ಕಪ್, ಮತ್ತು ಸೋತವರನ್ನು ವರ್ಷವಿಡೀ ಆಡಿಕೊಳ್ಳುವ ಹಕ್ಕು. ಆ ಹಕ್ಕಿಗಾಗಿಯೇ ಜನ ಜೀವ ಬಿಡುತ್ತಿದ್ದರು.

ಹಗಲು ಪಾಳಿಯ ಪರವಾಗಿ ಹದಿನೆಂಟು ವರ್ಷದಿಂದ ಆಡುತ್ತಿದ್ದವನು ಕ್ರೇನ್ ಓಡಿಸುವ ಫಿರಂಗಿ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಏಟು, ಬ್ರೇಕ್, ಅವನು ಹೊಡೆದರೆ ಕ್ಯಾಂಟೀನಿನಲ್ಲಿ ಕೂತವರು ತಟ್ಟೆಯಿಂದ ತಲೆ ಎತ್ತುತ್ತಿದ್ದರು. ಮೇಜಿನ ಎದುರು ಬದಿಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಒಂಬತ್ತು ಚೆಂಡುಗಳು ದಿಕ್ಕಾಪಾಲಾಗಿ ಓಡಿ, ಎರಡೋ ಮೂರೋ ಪಾಕೆಟ್ಟಿಗೆ ಬೀಳುತ್ತಿದ್ದವು, ಜನ ಹೋ ಎನ್ನುತ್ತಿದ್ದರು.

ಎದುರಾಳಿ ಬೆಕ್ಕು. ಪ್ರಯೋಗಾಲಯದಲ್ಲಿ ಉಕ್ಕಿನ ಚೂರು ತೂಗುವ ಸಣ್ಣ ಆಳು. ಅವನು ಹೊಡೆದ ಸದ್ದು ಪಕ್ಕದಲ್ಲಿ ನಿಂತವನಿಗೂ ಕೇಳಿಸುತ್ತಿರಲಿಲ್ಲ. ಆದರೆ ಅವನ ಬಿಳಿ ಚೆಂಡು ಮೊದಲ ಚೆಂಡಿನ ಮೂತಿಗೆ ನೇರವಾಗಿ ತಾಗಿ, ಒಂದು ಗೇಣು ಹಿಂದೆ ಸರಿದು, ಹಗ್ಗ ಹಾಕಿ ಕಟ್ಟಿದ ಹಾಗೆ ಮೇಜಿನ ನಡುವೆ ನಿಂತುಬಿಡುತ್ತಿತ್ತು. ಅಲ್ಲಿಂದ ಎಲ್ಲ ಚೆಂಡುಗಳೂ ಕೈಗೆಟುಕುವ ದೂರದಲ್ಲಿ. ಫಿರಂಗಿಗೆ ಈ ಆಟ ನೋಡಿದರೆ ಮೈ ಉರಿಯುತ್ತಿತ್ತು. "ಅದೇನು ಚೆಂಡಿಗೆ ಜೋಗುಳ ಹಾಡ್ತೀಯೇನಯ್ಯಾ?" ಎಂದು ಪ್ರತಿ ವರ್ಷ ಕೆಣಕುತ್ತಿದ್ದ. ಈ ವರ್ಷ ಮಾತ್ರ ಕೆಣಕಿರಲಿಲ್ಲ.

ಈ ವರ್ಷ ಮೇಜಿಗೆ ಹೊಸ ಬಟ್ಟೆ ಹಾಕಿದ್ದರು. ಹೊಸ ಬಟ್ಟೆಯ ಮೇಲೆ ಚೆಂಡು ಎಣ್ಣೆಯ ಮೇಲೆ ಓಡಿದ ಹಾಗೆ ಓಡುತ್ತದೆ. ಫಿರಂಗಿಯ ನಾಲ್ಕು ಬ್ರೇಕುಗಳಲ್ಲಿ ಎರಡು ಸಲ ಬಿಳಿ ಚೆಂಡು ತಾನೇ ಪಾಕೆಟ್ಟಿಗೆ ಬಿತ್ತು. ಮೂರನೆಯ ಸಲ ಮೇಜಿನಿಂದ ಹಾರಿ ಎದುರು ಗೋಡೆಯ ಗಡಿಯಾರದ ಗಾಜು ಒಡೆಯಿತು. ಬಿಳಿ ಚೆಂಡು ಹೀಗೆ ಕೈ ತಪ್ಪಿದರೆ, ಇಲ್ಲವೇ ಮೊದಲ ಚೆಂಡಿಗೆ ತಾಗದಿದ್ದರೆ, ಎದುರಾಳಿ ಅದನ್ನು ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಂಡು ಹೊಡೆಯಬಹುದು. ಬೆಕ್ಕಿಗೆ ಅಷ್ಟು ಕೊಟ್ಟರೆ ಹಾಲಿನ ಪಾತ್ರೆಯನ್ನೇ ಮುಂದಿಟ್ಟ ಹಾಗೆ. ಮೂರೂ ಆಟ ಹೋದವು.

"ಮೆಲ್ಲಗೆ ಹೊಡಿ ಮಾರಾಯ!" ಬೆಂಚಿನ ಮೇಲಿಂದ ಕುಲುಮೆಯವನು ಕೂಗಿದ. "ಅರ್ಧ ಜೋರು ಸಾಕು!"

"ಒಂದು ಸಲ ತಗ್ಗಿ ಹೊಡೆದ್ರೆ ನಿನ್ನ ಗಂಟೇನು ಹೋಗುತ್ತೆ?" ಇನ್ನೊಬ್ಬ.

ಏನು ಹೋಗುತ್ತದೆ ಎಂಬುದು ಫಿರಂಗಿಗೆ ಗೊತ್ತಿತ್ತು. ಕ್ರೇನ್ ಹೋಗುತ್ತದೆ.

ಅವನ ಬಲಗೈ ನಡುಗಲು ಶುರುವಾಗಿ ಏಳು ತಿಂಗಳಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಬಿಗಿಯಾಗಿ ಏನನ್ನಾದರೂ ಹಿಡಿದರೆ, ಜೋರಾಗಿ ಬೀಸಿದರೆ ಗೊತ್ತಾಗುತ್ತಿರಲಿಲ್ಲ. ಮೆಲ್ಲಗೆ ಹಿಡಿದರೆ, ನಿಧಾನಕ್ಕೆ ಎತ್ತಿದರೆ ಸಾಕು, ಕೈ ತನ್ನದಲ್ಲವೆಂಬಂತೆ ಅದುರುತ್ತಿತ್ತು. ಆದ್ದರಿಂದ ಅವನು ಮೆಲ್ಲಗೆ ಮಾಡುವ ಕೆಲಸಗಳನ್ನೆಲ್ಲ ಒಂದೊಂದಾಗಿ ಬಿಟ್ಟಿದ್ದ. ಸಹಿ ಹಾಕುವಾಗ ಗೀಚಿ ಎಸೆಯುತ್ತಿದ್ದ. ಅಂಗಿಯ ಗುಂಡಿ ಬಿಚ್ಚದೆ ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದ. ಪೂಲ್ ಆಡುವಾಗ ಗುರಿ ಹಿಡಿಯುವ ಗೋಜಿಗೇ ಹೋಗದೆ, ಬಗ್ಗಿದ ಕೂಡಲೇ ಹೊಡೆದು ಏಳುತ್ತಿದ್ದ. ಜನ ಅದನ್ನು ಠೀವಿ ಎಂದುಕೊಂಡಿದ್ದರು. ಮನೆಯಲ್ಲಿ ಚಹಾ ಚೆಲ್ಲುವ ಭಯವೂ ಇರಲಿಲ್ಲ, ಯಾಕೆಂದರೆ ಹೆಂಡತಿ ಈಚೆಗೆ ಯಾಕೋ ಲೋಟವನ್ನು ಅರ್ಧವೇ ತುಂಬಿಸುತ್ತಿದ್ದಳು. ಹಾಲು ಉಳಿಸುತ್ತಿದ್ದಾಳೆ, ಜಿಪುಣಿ, ಎಂದುಕೊಂಡು ಅವನು ಬಾಯಿ ಮುಚ್ಚಿಕೊಂಡು ಕುಡಿಯುತ್ತಿದ್ದ.

ಊರಾಚೆಯ ವೈದ್ಯರೊಬ್ಬರ ಬಳಿ ಗುಟ್ಟಾಗಿ ಹೋಗಿಬಂದಿದ್ದ. "ಇದು ಹೆಚ್ಚಾಗುತ್ತೇ ಹೊರತು ಕಮ್ಮಿ ಆಗಲ್ಲ. ಎತ್ತರದ ಕೆಲಸ, ಯಂತ್ರದ ಕೆಲಸ ಇವತ್ತೇ ಬಿಡಿ" ಎಂದು ಅವರು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಅವನು ಚೆಂಡು ಹೊಡೆಯುವ ಕೋಲು, ಕ್ಯೂ, ಇಡುವ ಉದ್ದನೆಯ ಚೀಲದ ಅಸ್ತರಿನೊಳಗೆ ತುರುಕಿ, ಅಸ್ತರನ್ನು ತಾನೇ ಹೊಲಿದಿದ್ದ. ಹೊಲಿಯಲು ಒಂದು ಸಂಜೆಯೇ ಹಿಡಿದಿತ್ತು. ಸೂಜಿ ಚುಚ್ಚಿ ಬೆರಳೆಲ್ಲ ರಕ್ತ.

ನಲವತ್ತು ಅಡಿ ಎತ್ತರದ ಆ ಗಾಜಿನ ಗೂಡಿನಲ್ಲಿ ಇಪ್ಪತ್ತೆರಡು ವರ್ಷ ಕೂತವನು. ಹನ್ನೆರಡು ಟನ್ನಿನ ಉಕ್ಕಿನ ಸುರುಳಿಯನ್ನು ಎತ್ತಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಒಯ್ದು, ಮರದ ತೊಟ್ಟಿಲಿನಂಥ ಚೌಕಟ್ಟಿನ ಮೇಲೆ ಸದ್ದಾಗದಂತೆ ಇಳಿಸುವವನು. ಕೆಳಗಿನಿಂದ ನೋಡುವವರು ಕತ್ತು ಎತ್ತಿ ನೋಡಬೇಕಿತ್ತು. ಅಲ್ಲಿಂದ ಇಳಿಸಿದರೆ ತನ್ನನ್ನು ಎಲ್ಲಿ ಹಾಕುತ್ತಾರೆ? ಗೇಟಿನಲ್ಲಿ ಬಂದವರ ಚೀಲ ತಡಕಲು. ಇಲ್ಲವೇ ಕಬ್ಬಿಣದ ಪುಡಿ ಗುಡಿಸಲು. ಇನ್ನು ಒಂಬತ್ತು ವರ್ಷ ಹೇಗಾದರೂ ಹಲ್ಲು ಕಚ್ಚಿ ತಳ್ಳಿದರೆ ನಿವೃತ್ತಿ. ಆಮೇಲೆ ಕೈ ನಡುಗಲಿ, ಮೈ ನಡುಗಲಿ, ಯಾರು ಕೇಳುತ್ತಾರೆ?

ಈ ದಿನ ಕೇಳುವವರು ಎದುರಿಗೇ ನಿಂತಿದ್ದರು. ಎರಡು ಪಾಳಿಯವರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದ್ದರಿಂದ ತೀರ್ಪುಗಾರ್ತಿಯಾಗಿ ಸೇಫ್ಟಿ ಮೇಡಂ ಅವರನ್ನು ಕರೆದಿದ್ದರು. ಬಂದು ಮೂರು ತಿಂಗಳೂ ಆಗದ ಸುರಕ್ಷತಾ ಅಧಿಕಾರಿ. ಬೂಟಿನ ದಾರ ಬಿಚ್ಚಿದ್ದರೂ ಇಪ್ಪತ್ತು ಹೆಜ್ಜೆ ದೂರದಿಂದ ಕಂಡುಹಿಡಿಯುವ ಹೆಣ್ಣುಮಗಳು. ಮೇಜಿನ ಬಿಳಿ ಚೆಂಡಿರುವ ಕಡೆಗೆ, ಅವನ ಮೊಣಕೈಯಿಂದ ಎರಡೇ ಮೊಳ ದೂರದಲ್ಲಿ ಆಕೆ ಕೈ ಕಟ್ಟಿ ನಿಂತಿದ್ದರು.

ಪಂದ್ಯಕ್ಕೇ ಬರದೆ ಇರಬಹುದಿತ್ತು. ಆದರೆ ಹದಿನೆಂಟು ವರ್ಷ ಆಡಿದವನು ಬರದಿದ್ದರೆ ಯಾಕೆ ಎಂದು ನೂರು ಬಾಯಿ ಕೇಳುತ್ತಿದ್ದವು. ಬಂದರೂ ಕಷ್ಟ, ಬಾರದಿದ್ದರೂ ಕಷ್ಟ. ಬಂದಿದ್ದ.

"ಐದು ನಿಮಿಷ ಕೊಡಿ ಮೇಡಂ. ಮುಖ ತೊಳ್ಕೊಂಡು ಬರ್ತೀನಿ" ಎಂದು ಅವನು ಹೊರಗೆ ನಲ್ಲಿಯ ಬಳಿಗೆ ಹೋದ.

ಹಿಂದೆಯೇ ಕೊಕ್ಕೆ ಬಂದ. ಕೊಕ್ಕೆ ಅವನ ಬಾಮೈದ, ಹೆಂಡತಿಯ ಬೆನ್ನಿಗೆ ಬಿದ್ದ ತಮ್ಮ. ಕ್ರೇನಿನ ಕೊಕ್ಕೆಗೆ ಸರಪಣಿ ಸಿಕ್ಕಿಸುವುದು, ಭಾರ ಇಳಿಯುವಾಗ ಕೆಳಗಿನಿಂದ ಕೈಸನ್ನೆ ಮಾಡುವುದು, ಕೊನೆಯ ಒಂದು ಅಡಿಯಲ್ಲಿ ಸುರುಳಿಯನ್ನು ಕೈಯಿಂದ ಹಿಡಿದು ಜಾಗಕ್ಕೆ ಕೂರಿಸುವುದು ಅವನ ಕೆಲಸ. ಇಂದಿನ ಪಂದ್ಯದಲ್ಲಿ ಚೆಂಡು ಜೋಡಿಸುವವನೂ ಅವನೇ.

"ಭಾವ, ಪೂರ್ತಿ ಜೋರಲ್ಲಿ ಹೊಡೆದ್ರೆ ಬಿಳಿ ನಮ್ಮ ಮಾತು ಕೇಳಲ್ಲ" ಎಂದ. "ಕೂದಲೆಳೆಯಷ್ಟು ಆಚೀಚೆ ತಾಗಿದ್ರೂ ಎಷ್ಟು ಜೋರೋ ಅಷ್ಟು ದೂರ ಓಡುತ್ತೆ. ಅರ್ಧ ಹೊಡೀರಿ. ನಾನು ಚೆಂಡು ಬಿಗಿಯಾಗಿ ಜೋಡಿಸ್ತೀನಿ, ಸಂದು ಬಿಡಲ್ಲ."

"ನನಗೇ ಪಾಠ ಹೇಳ್ತೀಯೇನೋ? ನಿನಗೆ ಕ್ಯೂ ಹಿಡಿಯೋದು ಕಲಿಸಿದ್ದೇ ನಾನು."

"ಅದಕ್ಕೇ ಹೇಳ್ತಿದ್ದೀನಿ. ನೀವು ಕಲಿಸಿದ್ದು ಹೀಗಲ್ಲ. ಮೊದಲು ಬಿಳಿ ನಿಲ್ಸೋದು ಕಲಿ, ಜೋರು ಆಮೇಲೆ ಅಂತಿದ್ರಿ."

ಫಿರಂಗಿ ನಲ್ಲಿ ತಿರುಗಿಸಿದ. ನಲ್ಲಿಯ ನೀರಿಗೆ ಒಡ್ಡಿದ ಅವನ ಬೊಗಸೆಯಿಂದ ನೀರು ಅದುರಿ ಅದುರಿ ಚೆಲ್ಲುತ್ತಿತ್ತು. ಕೊಕ್ಕೆ ಅದನ್ನೇ ನೋಡುತ್ತಿದ್ದ. ಫಿರಂಗಿ ಸಟಕ್ಕನೆ ಕೈ ಎಳೆದು ಪ್ಯಾಂಟಿನ ಜೇಬಿಗೆ ಹಾಕಿದ. ಒದ್ದೆ ಕೈ ಜೇಬಿನೊಳಗೂ ನಡುಗಿತು.

"ತಣ್ಣೀರು" ಎಂದ.

"ಹೌದು, ತುಂಬಾ ತಣ್ಣಗಿದೆ" ಎಂದು ಕೊಕ್ಕೆ ಒಳಗೆ ಹೋದ. ಬೇಸಿಗೆಯ ನಡುಮಧ್ಯಾಹ್ನದಲ್ಲಿ ಆ ನಲ್ಲಿಯ ನೀರು ಕೈ ಸುಡುವಷ್ಟು ಬಿಸಿಯಿತ್ತು.

ಒಳಗೆ ಕೊಕ್ಕೆ ಒಂಬತ್ತು ಚೆಂಡುಗಳನ್ನು ಚೌಕಟ್ಟಿನೊಳಗೆ ಒತ್ತಿ, ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿ, ಚೌಕಟ್ಟನ್ನು ಉಸಿರು ಬಿಗಿಹಿಡಿದು ಎತ್ತಿದ. ಒಂದು ಚೆಂಡೂ ಅಲ್ಲಾಡಲಿಲ್ಲ. ಫಿರಂಗಿ ಬಿಳಿ ಚೆಂಡಿನ ಹಿಂದೆ ಬಗ್ಗಿದ. ಎಡಗೈ ಮೇಜಿನ ಮೇಲೆ, ಬಲಗೈಯಲ್ಲಿ ಕ್ಯೂ. ಒಂದು ಕ್ಷಣ, ನೋಡೋಣವೆಂದು, ಹಿಡಿತ ಸಡಿಲಿಸಿದ. ಕ್ಯೂವಿನ ತುದಿ ಬಿಳಿ ಚೆಂಡಿನ ಮುಂದೆ ಇಲಿಯ ಮೂತಿಯ ಹಾಗೆ ಪಟಪಟ ಆಡತೊಡಗಿತು. ಮೇಡಂ ಕಟ್ಟಿದ ಕೈ ಬಿಚ್ಚಿದ್ದು ಕಣ್ಣಂಚಿನಲ್ಲಿ ಕಂಡಿತು. ಅವನು ಕೂಡಲೇ ಕ್ಯೂವನ್ನು ಕತ್ತು ಹಿಸುಕುವ ಹಾಗೆ ಬಿಗಿಹಿಡಿದ. ನಡುಕ ನಿಂತಿತು.

ಇಲ್ಲ. ಜೋರಾಗಿಯೇ ಹೊಡೆಯಬೇಕು. ಸೋತರೆ ಸೋತೆ. ಮುದುಕ ಹಟಮಾರಿ, ಸೊಕ್ಕಿನವನು ಎಂದಾರು. ಎಂದುಕೊಳ್ಳಲಿ. ಸೊಕ್ಕಿಗೆ ಯಾರನ್ನೂ ಕ್ರೇನಿನಿಂದ ಇಳಿಸುವುದಿಲ್ಲ.

ಅವನು ಕ್ಯೂವನ್ನು ಭುಜದವರೆಗೂ ಹಿಂದಕ್ಕೆಳೆದ. ಅದು ಕಂಡದ್ದೇ ತಡ, ಎದುರು ಬದಿಯವರು ದಡಬಡಿಸಿ ಬೆಂಚು ಬಿಟ್ಟು ಗೋಡೆಗೆ ಅಂಟಿಕೊಂಡರು. ಒಡೆದ ಗಡಿಯಾರ ಎಲ್ಲರ ತಲೆಯ ಮೇಲೇ ನೇತಾಡುತ್ತಿತ್ತು. ಎದುರಿಗೆ ಉಳಿದವನು ಕೊಕ್ಕೆ ಒಬ್ಬನೇ. ಚೆಂಡುಗಳ ಹಿಂದೆ, ಮೇಜಿನ ಅಂಚಿಗೆ ಹೊಟ್ಟೆ ತಾಗುವಷ್ಟು ಹತ್ತಿರ.

"ಸರಿಯೋ ಆಚೆ!" ಫಿರಂಗಿ ಗದರಿದ.

"ಹೊಡೀರಿ ಭಾವ. ನಾನು ಇಲ್ಲೇ ಇರ್ತೀನಿ."

"ಚೆಂಡು ಹಾರಿದ್ರೆ ಹಲ್ಲು ಉದುರುತ್ತೆ ಕಣೋ."

"ದಿನಾ ನಿಲ್ತೀನಲ್ಲ" ಎಂದ ಕೊಕ್ಕೆ.

ಎಂದವನು ಎಡ ಅಂಗೈಯನ್ನು ಎದೆಯ ಮುಂದೆ ಚಾಚಿ, ಅದರ ಮೇಲೆ ಬಲ ತೋರುಬೆರಳನ್ನು ಸಣ್ಣಗೆ ಸುತ್ತಿಸತೊಡಗಿದ. ಕೋಣೆಯಲ್ಲಿದ್ದ ಪ್ರತಿಯೊಬ್ಬನಿಗೂ ಆ ಸನ್ನೆ ಗೊತ್ತಿತ್ತು. ಶೆಡ್ಡಿನ ಗದ್ದಲದಲ್ಲಿ ನಲವತ್ತು ಅಡಿ ಮೇಲಕ್ಕೆ ಮಾತು ಕೇಳಿಸುವುದಿಲ್ಲ, ಕೈಯೇ ಮಾತು. ಆ ಸನ್ನೆಯ ಅರ್ಥ: ಮೆಲ್ಲಗೆ. ಬೆಂಚಿನವರು ತಮಾಷೆ ಎಂದು ತಿಳಿದು ನಕ್ಕರು.

ಫಿರಂಗಿ ನಗಲಿಲ್ಲ. ಮೇಲಿಂದ, ಗಾಜಿನೊಳಗಿಂದ, ದಿನವೂ ಅವನಿಗೆ ಕಾಣುತ್ತಿದ್ದದ್ದು ಇದೇ. ಹಳದಿ ಟೋಪಿ, ಅದರ ಕೆಳಗೆ ಮೇಲಕ್ಕೆತ್ತಿದ ಈ ಮುಖ, ಈ ಎರಡು ಕೈ. ಹಿಂದೆ ನಾಲ್ಕು ಜನ ವಾರಕ್ಕೊಬ್ಬರಂತೆ ಆ ಜಾಗದಲ್ಲಿ ನಿಲ್ಲುತ್ತಿದ್ದರು. ಈಗ ಎಷ್ಟೋ ವಾರಗಳಿಂದ ಅಲ್ಲಿ ಕೊಕ್ಕೆಯೊಬ್ಬನೇ. ಯಾಕೆಂದು ಅವನು ಕೇಳಿರಲೇ ಇಲ್ಲ. ತನ್ನವನೇ ಕೆಳಗಿದ್ದಾನೆ, ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ ಎಂದು ಒಳಗೊಳಗೇ ಸಮಾಧಾನಪಟ್ಟಿದ್ದ.

ಒಂದು ದಿನ ಕೈ ಅದುರಿ ಲಿವರ್ ಜಗ್ಗಿ, ಸುರುಳಿ ತೂಗಾಡಿ ಕೊಕ್ಕೆಯ ಭುಜ ಸವರಿಕೊಂಡು ಹೋಗಿತ್ತು. ಟೋಪಿ ಹಾರಿ ಬಿದ್ದಿತ್ತು. ಮೇಲ್ವಿಚಾರಕ ಓಡಿಬಂದಾಗ ಕೊಕ್ಕೆ ಹಲ್ಲು ಕಿರಿದು, "ಗಾಳಿ ಸಾರ್, ಗಾಳಿಗೆ ತೂಗಾಡ್ತು" ಎಂದಿದ್ದ. ನಾಲ್ಕೂ ಕಡೆ ತಗಡು ಹೊಡೆದ ಶೆಡ್ಡು. ಅಲ್ಲಿ ಯಾವ ಗಾಳಿ? ಅವತ್ತು ಫಿರಂಗಿ ಬಚಾವಾದೆನೆಂದು ಉಸಿರು ಬಿಟ್ಟಿದ್ದ. ಈಗ ಆ ಗಾಳಿಯ ಮಾತಿನ ಅರ್ಥ ಹೊಳೆಯಿತು.

ಇವನಿಗೆ ಗೊತ್ತಿದೆ. ಮೊದಲಿನಿಂದಲೂ ಗೊತ್ತಿದೆ.

ಹಿಂದಕ್ಕೆಳೆದ ಕ್ಯೂ ಹಿಂದೆಯೇ ನಿಂತಿತು. ಕೊಕ್ಕೆಯ ಬೆರಳು ಸುತ್ತುತ್ತಲೇ ಇತ್ತು. ಮುಖದಲ್ಲಿ ನಗುವಿರಲಿಲ್ಲ. ತುಟಿಯ ಮೇಲೆ ಬೆವರು ಹನಿಗಟ್ಟಿತ್ತು. ನಲವತ್ತು ಅಡಿ ಮೇಲಿಂದ ಬೆವರು ಕಾಣುವುದಿಲ್ಲ. ಇಷ್ಟು ಹತ್ತಿರದಿಂದ ಕಾಣುತ್ತದೆ.

ಫಿರಂಗಿ ಕ್ಯೂವನ್ನು ಮೆಲ್ಲಗೆ ಮುಂದಕ್ಕೆ ತಂದ. ಹಿಡಿತ ಸಡಿಲಿಸಿದ. ಕ್ಯೂ ನಡುಗತೊಡಗಿತು. ಈ ಸಲ ಅವನು ಅದನ್ನು ನಡುಗಲು ಬಿಟ್ಟ. ಬೆಂಚಿನ ಕಡೆಯ ನಗು ಒಂದೊಂದೇ ಬಾಯಿಯಿಂದ ಆರಿಹೋಯಿತು. ಎಲ್ಲರೂ ನೋಡುತ್ತಿದ್ದರು. ಮೇಡಂ ನೋಡುತ್ತಿದ್ದರು. ಬೆತ್ತಲೆ ನಿಂತಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವನು ಬೆಕ್ಕಿನ ಹಾಗೆ ಗುರಿ ಹಿಡಿದ, ತಾನೇ ಒಂದು ಕಾಲದಲ್ಲಿ ಬಾಮೈದನಿಗೆ ಕಲಿಸಿದ ಹಾಗೆ: ಕಣ್ಣು ಮೊದಲ ಚೆಂಡಿನ ಮೂತಿಯ ಮೇಲೆ, ಮೊಣಕೈ ಒಂದೇ ಆಡಬೇಕು, ಉಸಿರು ಬಿಡುತ್ತಾ ಹೊಡೆಯಬೇಕು. ದೇವರೇ, ಒಂದೇ ಒಂದು ಸಲ, ಎಂದ. ಹೊಡೆದ.

ಕ್ಯೂವಿನ ತುದಿ ಬಿಳಿ ಚೆಂಡಿನ ಪಕ್ಕೆಗೆ ತಾಗಿ ಕೀಚ್ ಎಂದಿತು. ಚೆಂಡು ಓರೆಯಾಗಿ ಉರುಳಿ, ಮೊದಲ ಚೆಂಡಿಗೆ ತಾಗದೆ, ಜೋಡಿಸಿದ ಚೆಂಡುಗಳ ಅಂಚನ್ನು ಸವರಿ, ಎದುರು ಬದಿಗೆ ಹೋಗಿ ನಿಂತಿತು. ಒಂಬತ್ತರಲ್ಲಿ ಎರಡು ಚೆಂಡು ತುಸು ಜರುಗಿದವು. ಉಳಿದವು ಕೊಕ್ಕೆ ಜೋಡಿಸಿದಂತೆಯೇ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಹದಿನೆಂಟು ವರ್ಷದಲ್ಲಿ ಆ ಕೋಣೆ ಅಂಥ ಬ್ರೇಕ್ ಕಂಡಿರಲಿಲ್ಲ. ಮೊದಲ ಸಲ ಕ್ಯೂ ಹಿಡಿದವನೂ ಇಷ್ಟು ಕೆಟ್ಟದಾಗಿ ಹೊಡೆಯಲಾರ. ಜೋರು ತನ್ನ ಇಷ್ಟ, ಮನಸ್ಸು ಮಾಡಿದರೆ ಮೆಲ್ಲಗೂ ಹೊಡೆದೇನು ಎಂದು ಫಿರಂಗಿ ಈವರೆಗೂ ಒಳಗೆಲ್ಲೋ ನಂಬಿದ್ದ. ಆ ನಂಬಿಕೆಯೂ ಅಲ್ಲಿಗೆ ಮುಗಿಯಿತು.

ಅವನು ಕ್ಯೂವನ್ನು ಮೇಜಿನ ಮೇಲೆ ಮಲಗಿಸಿದ. ಬೆಂಚಿನ ಕೆಳಗಿದ್ದ ಚೀಲ ಎಳೆದು, ಹೊಲಿಗೆಯನ್ನು ಹಲ್ಲಿನಿಂದ ಹರಿದು, ಮಡಚಿದ ಚೀಟಿ ತೆಗೆದು ಮೇಡಂ ಕೈಗೆ ಕೊಟ್ಟ. ಚೀಟಿ ಆಕೆಯ ಕೈ ಸೇರುವವರೆಗೂ ಪಟಪಟ ಎನ್ನುತ್ತಲೇ ಇತ್ತು.

"ನಾಳೆಯಿಂದ ನಾನು ಕ್ರೇನ್ ಹತ್ತಲ್ಲ ಮೇಡಂ" ಎಂದ. "ಕೈ ನಡುಗೋಕೆ ಶುರುವಾಗಿ ಏಳು ತಿಂಗಳಾಯ್ತು. ಈ ಚೀಟಿ ಸಿಕ್ಕ ದಿನವೇ ಕೊಡಬೇಕಿತ್ತು. ಕೊಡಲಿಲ್ಲ. ನನ್ನ ತಪ್ಪು."

ಮೇಡಂ ಚೀಟಿಯನ್ನು ಎರಡು ಸಲ ಓದಿದರು. ಕೋಪದಿಂದ ಅವರ ಮುಖ ಕೆಂಪಾಗಿತ್ತು. ಕೂಗಾಡುತ್ತಾರೆಂದು ಅವನು ಕಾದ. ಅವರು, "ಈ ಏಳು ತಿಂಗಳೂ ಕೆಳಗೆ ಯಾರಿದ್ರು?" ಎಂದಷ್ಟೇ ಕೇಳಿದರು.

ಫಿರಂಗಿ ತಿರುಗಿ ನೋಡಿದ.

ಮೇಜಿನ ಎದುರು ಬದಿಯಲ್ಲಿ ಕೊಕ್ಕೆ ಕಾಣಲಿಲ್ಲ. ಅವನು ನಿಂತಲ್ಲೇ ಕುಸಿದು, ಮೇಜಿನ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಮುಖವನ್ನು ಮೊಣಕಾಲುಗಳ ನಡುವೆ ಹುದುಗಿಸಿದ್ದ. ಅವನ ಎರಡೂ ಕೈಗಳು, ಆ ಗಟ್ಟಿ ಕೈಗಳು, ಫಿರಂಗಿಯ ಕೈಗಿಂತ ಜೋರಾಗಿ ನಡುಗುತ್ತಿದ್ದವು. ಮೂವತ್ತೆಂಟು ವರ್ಷದ ಗಂಡಸು ಮಗುವಿನ ಹಾಗೆ ಬಿಕ್ಕುತ್ತಿದ್ದ.

ಫಿರಂಗಿ ಹೋಗಿ ಪಕ್ಕದಲ್ಲಿ ಕೂತ. ಮೇಲೆ ಬೆಕ್ಕು ಏನು ಮಾಡಬೇಕೆಂದು ತೋಚದೆ ಬಿಳಿ ಚೆಂಡನ್ನು ತನಗೆ ಬೇಕಾದಲ್ಲಿ ಇಟ್ಟುಕೊಂಡು ಆಟ ಮುಂದುವರಿಸಿದ. ಚೆಂಡುಗಳು ಒಂದೊಂದಾಗಿ ಪಾಕೆಟ್ಟಿಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ.

"ಮತ್ತೆ ಯಾಕೋ ನಿಂತೆ, ಮುಟ್ಠಾಳ?" ಫಿರಂಗಿ ಕೇಳಿದ. "ಗೊತ್ತಿದ್ದೂ ಯಾಕೆ ನಿಂತೆ?"

"ಬೇರೆಯವರನ್ನ ನಿಲ್ಸೋಕಾಗುತ್ತಾ ಭಾವ?" ಕೊಕ್ಕೆ ಮುಖ ಎತ್ತದೆಯೇ ಹೇಳಿದ. "ಅವರವರ ವಾರ ಬಂದಾಗ ಏನೋ ನೆಪ ಹೇಳಿ ನಾನೇ ಹೋಗ್ತಿದ್ದೆ. ಬಾಯಿ ಬಿಟ್ರೆ ನಿಮ್ಮನ್ನ ಇಳಿಸ್ತಾರೆ. ಬಿಡದಿದ್ರೆ... ದಿನಾ ಬೆಳಗ್ಗೆ ಟೋಪಿ ಹಾಕ್ಕೊಳ್ಳುವಾಗ ಕಾಲು ಬರ್ತಿರಲಿಲ್ಲ ಭಾವ. ಮೇಲೆ ನೋಡೋಕೇ ಭಯ. ನೋಡ್ದೆ ಇರೋಕೂ ಭಯ."

"ನನಗೆ ಒಂದು ಮಾತು ಹೇಳೋದಲ್ವೇನೋ."

"ನೀವೇ ಹೇಳ್ತೀರಿ ಅಂತ ಕಾಯ್ತಿದ್ವಿ."

ಫಿರಂಗಿ ಅವನ ಕಡೆ ತಿರುಗಿದ. "ಕಾಯ್ತಿದ್ವಿ ಅಂದ್ರೆ? ಇನ್ಯಾರು?"

ಕೊಕ್ಕೆ ತೋಳಿನಿಂದ ಮೂಗು ಒರೆಸಿಕೊಂಡ. "ಅಕ್ಕ ಲೋಟ ಅರ್ಧ ಯಾಕೆ ತುಂಬಿಸ್ತಾಳೆ ಅಂದ್ಕೊಂಡಿದ್ರಿ?"

ಫಿರಂಗಿ ನಡುಗುವ ಕೈಯನ್ನು ಜೇಬಿಗೆ ಹಾಕಲು ಹೋಗಿ, ಹಾಕದೆ, ಬಾಮೈದನ ಕೈಯ ಮೇಲೆ ಇಟ್ಟ.

"ಹಾಲು ಉಳಿಸ್ತಿದ್ದಾಳೆ ಅಂದ್ಕೊಂಡಿದ್ದೆ ಕಣೋ" ಎಂದ.